ಮಸ್ಕಿ ದವಾಖಾನೆಗೆ ಹಾಕಿದ ಬೀಗ

ಹೈದರಾಬಾದಿನ ಆ ಸಭೆಗೆ ನಾವಿಬ್ಬರೂ ಹೋದದ್ದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಯಾರ ಬಂಡವಾಳವನ್ನೂ ಮುಟ್ಟದೆ, ಸ್ವಂತ ದುಡಿಮೆಯ ಮೇಲೆ ಸಾಫ್ಟ್‌ವೇರ್ ಬರೆದು ಮಾರುವ ಸಣ್ಣ ಊರುಗಳ ಮಂದಿ ಒಂದೆಡೆ ಸೇರುತ್ತಾರೆ ಎಂದು ನಮಗೆ ಫ್ಲಾಪಿ ಮಾರುತ್ತಿದ್ದ ರಾಯಚೂರಿನ ವ್ಯಾಪಾರಿ ಹೇಳಿದ್ದ. ನಾವಿಬ್ಬರು ಎಂದರೆ ನಾನು ಮತ್ತು ನನ್ನ ಗೆಳತಿ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಟೈಪಿಂಗ್ ಶಾಲೆ ಇತ್ತು. ಬೆಳಿಗ್ಗೆ ಟೈಪಿಂಗ್ ಕಲಿಸುತ್ತಿದ್ದೆವು. ಅದರ ಗಳಿಕೆಯಲ್ಲಿ ಕೊಂಡ ಹಳೆಯ ಕಂಪ್ಯೂಟರಿನ ಮುಂದೆ ಮಧ್ಯಾಹ್ನ ಕೂತು ಪ್ರೋಗ್ರಾಂ ಬರೆಯುತ್ತಿದ್ದೆವು.

ಗೆಳತಿ ಜವಳಗೇರಾದವಳು. ಗದ್ದೆ ನಾಟಿಗೆ ಹೋಗುವ ತಾಯಿಯೊಬ್ಬಳೇ ಆಕೆಗೆ. ಪಾಲಿಟೆಕ್ನಿಕ್‌ನಲ್ಲಿ ನನ್ನ ಜೊತೆ ಓದಿದವಳು, ಓದಿನಲ್ಲಿ ನನಗಿಂತ ಬಹಳ ಮುಂದೆ. ಪ್ರೋಗ್ರಾಮಿನ ಒಳಗಿನ ಕೆಲಸವೆಲ್ಲ ಆಕೆಯದು. ಪರದೆಯ ಮೇಲೆ ಏನು ಕಾಣಬೇಕು, ಪ್ರಿಂಟರ್ ಏನು ಹೊರಹಾಕಬೇಕು, ಗಿರಾಕಿಗೆ ಹೇಗೆ ಕಲಿಸಬೇಕು ಎಂಬುದು ನನ್ನ ಪಾಲು. ಆಗ ನಮಗೆ ಮೂವರು ಗಿರಾಕಿಗಳು: ಸಿಂಧನೂರಿನ ಒಂದು ಬೀಜ-ಔಷಧದ ಅಂಗಡಿ, ಲಿಂಗಸುಗೂರಿನ ಒಂದು ಮೆಡಿಕಲ್ ಅಂಗಡಿ, ಮಸ್ಕಿಯ ಒಬ್ಬ ಡಾಕ್ಟರು.

ಮೂವರಲ್ಲಿ ಡಾಕ್ಟರ ಕೆಲಸವೇ ನಮಗೆ ಹೆಚ್ಚು ಮನಸ್ಸಿಗೆ ಹಿಡಿದದ್ದು. ಅವರ ಬಳಿಗೆ ಸುತ್ತಲ ಹಳ್ಳಿಗಳಿಂದ ಕ್ಷಯದ ರೋಗಿಗಳು ಬರುತ್ತಿದ್ದರು. ಆ ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ಕೆಮ್ಮು ನಿಂತು, ಮೈಯಲ್ಲಿ ಸ್ವಲ್ಪ ಕಸುವು ಬಂದ ಕೂಡಲೇ ಜನ ಬಿಟ್ಟುಬಿಡುತ್ತಾರೆ. ಬಿಟ್ಟವರಿಗೆ ರೋಗ ಇನ್ನೂ ಗಟ್ಟಿಯಾಗಿ ಮರಳುತ್ತದೆ. ಅದಕ್ಕೆ ನಾವು ಬರೆದುಕೊಟ್ಟ ಪ್ರೋಗ್ರಾಂ ದಿನಾ ಬೆಳಿಗ್ಗೆ ಒಂದು ಚೀಟಿ ಮುದ್ರಿಸುತ್ತಿತ್ತು: ಇವತ್ತು ಮಾತ್ರೆ ಒಯ್ಯಲು ಬರಬೇಕಾದವರು ಯಾರು, ಬರಬೇಕಾಗಿದ್ದೂ ಬಾರದವರು ಯಾರು. ಅದನ್ನು ನೋಡಿ ಕಾಂಪೌಂಡರ್ ಬಸ್ ಕಂಡಕ್ಟರರ ಕೈಯಲ್ಲಿ ಹಳ್ಳಿಗಳಿಗೆ ಸುದ್ದಿ ಕಳಿಸುತ್ತಿದ್ದ. ರೋಗದ ಹೆಸರು ಎತ್ತುತ್ತಿರಲಿಲ್ಲ. ಡಾಕ್ಟ್ರು ಬಾ ಅಂದಾರ, ಅಷ್ಟೇ. ಮೊದಲು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಚೀಟಿ ಬರತೊಡಗಿದ ಮೇಲೆ ಪುಸ್ತಕ ನಿಂತಿತ್ತು.

ಹೈದರಾಬಾದಿನಲ್ಲಿ ಬಾಡಿಗೆಯ ಒಂದು ಸಭಾಂಗಣ. ಬಂದವರಲ್ಲಿ ಬಹುಪಾಲು ನಮ್ಮಂಥವರೇ, ಆದರೆ ಹೆಂಗಸರು ನಾವಿಬ್ಬರೇ. ಗಿರಾಕಿಗೊಂದು ಪ್ರೋಗ್ರಾಂ ಬರೆಯಬೇಡಿ, ಒಂದನ್ನೇ ಗಟ್ಟಿಯಾಗಿ ಬರೆದು ಹತ್ತು ಮಂದಿಗೆ ಕೊಡಿ ಎಂದರು ಒಬ್ಬರು. ಇಲ್ಲ ಎನ್ನಲು ಕಲಿಯಿರಿ ಎಂದರು ಇನ್ನೊಬ್ಬರು. ಸೊಲ್ಲಾಪುರದ ಕಡೆಯ ಒಬ್ಬಾತ ಕಳ್ಳಪ್ರತಿಗಳ ಬಗ್ಗೆ ಮಾತಾಡಿದ. ಪ್ರತಿ ಹಾರ್ಡ್ ಡಿಸ್ಕಿಗೂ ತನ್ನದೇ ಒಂದು ನಂಬರ್ ಇರುತ್ತದೆ, ಪ್ರೋಗ್ರಾಮನ್ನು ಆ ನಂಬರಿಗೆ ಕಟ್ಟಿಹಾಕಿದರೆ ಬೇರೆ ಯಂತ್ರದಲ್ಲಿ ಅದು ಏಳುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ. ಗೆಳತಿ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಲಿಂಗಸುಗೂರಿನ ಅಂಗಡಿಗೆ ಕೊಟ್ಟ ನಮ್ಮ ಪ್ರೋಗ್ರಾಂ ಮಾಲಕರ ಬೀಗರ ಅಂಗಡಿಯಲ್ಲಿ ಪುಕ್ಕಟೆ ಓಡುತ್ತಿರುವುದು ಆಗಷ್ಟೇ ಗೊತ್ತಾಗಿತ್ತು.

ಊಟದ ನಂತರ ಅರ್ಧ ಸಭೆ ಖಾಲಿಯಾದಾಗ ಕರಾವಳಿ ಆಂಧ್ರದ ಒಬ್ಬ ವಯಸ್ಸಾದವರು ಎದ್ದರು. ನಮ್ಮ ಕಂಪನಿ ಮುಚ್ಚಿದ್ದೇವೆ, ಹೇಗೆ ಮುಚ್ಚಿದೆವು ಎಂದು ಹೇಳಲು ಬಂದಿದ್ದೇನೆ ಎಂದರು. ಮಾತು ತೆಲುಗಿನಲ್ಲಿತ್ತು. ಕಾಲುವೆ ನೀರಿಗೆಂದು ಬಂದು ನೆಲೆಸಿದ ಆಂಧ್ರದ ರೈತರ ಕ್ಯಾಂಪುಗಳ ನಡುವೆ ಬೆಳೆದ ಗೆಳತಿ ನನ್ನ ಕಿವಿಯಲ್ಲಿ ಕನ್ನಡಕ್ಕೆ ತಂದು ಹೇಳುತ್ತಿದ್ದಳು. ಜೊತೆಗಾರ ಅಪಘಾತದಲ್ಲಿ ತೀರಿಕೊಂಡ ಮೇಲೆ ಗಿರಾಕಿಗಳ ಗತಿ ಏನಾಯಿತೆಂದು ಅವರು ವಿವರಿಸಿದರು. ನೀವು ಇಲ್ಲದ ದಿನ ನಿಮ್ಮ ಗಿರಾಕಿ ಏನು ಮಾಡಬೇಕು ಎಂಬುದನ್ನು ಈಗಲೇ ಬರೆದು ಅವನ ಕೈಗೆ ಕೊಡಿ ಎಂದು ಕೂತರು.

ವಾಪಸು ಬರುವ ಬಸ್ಸಿನಲ್ಲಿ ಗೆಳತಿ, "ಮೊದ್ಲು ಕಳ್ಳರಿಗೆ ಬಾಗಲಾ ಹಾಕೋಣು. ಇಲ್ಲದ ದಿನದ ಮಾತು ಆಮ್ಯಾಲ ನೋಡಿದ್ರಾತು" ಅಂದಳು. ನಾನೂ ಹೂಂ ಅಂದೆ. ಆ ಹೊತ್ತಿಗೆ ನಮ್ಮನ್ನು ಕಾಡುತ್ತಿದ್ದದ್ದು ಕಳ್ಳಪ್ರತಿಯೇ.

ಊರಿಗೆ ಬಂದವಳೇ ಆಕೆ ಮೂವರ ಪ್ರೋಗ್ರಾಮುಗಳನ್ನೂ ಕೂಡಿಸಿ ಒಂದೇ ಮಾಡಿದಳು. ಯಾರು, ಯಾವ ಊರು, ಏನು ಕೊಟ್ಟದ್ದು, ಮುಂದೆ ಯಾವಾಗ ಬರಬೇಕು: ಮೂವರಿಗೂ ಬೇಕಾದದ್ದು ಇಷ್ಟೇ ತಾನೆ. ಆಮೇಲೆ ಬೀಗ ಬರೆದಳು. ಬೀಗಕ್ಕೆ ಎರಡು ಭಾಗ. ಹೊಸ ಡಿಸ್ಕಿಗೆ ಹಾಕಿದರೆ ಪ್ರೋಗ್ರಾಂ ಒಂದು ನಂಬರ್ ತೋರಿಸಿ ನಿಲ್ಲುತ್ತದೆ. ಆ ನಂಬರಿನಿಂದ ಲೆಕ್ಕ ಮಾಡಿ ತೆಗೆದ ಕೀಲಿಯನ್ನು ಒತ್ತಿದರೆ ಮಾತ್ರ ಮುಂದೆ ಹೋಗುತ್ತದೆ. ಎರಡನೆಯದಾಗಿ, ಫೈಲನ್ನು ನೇರವಾಗಿ ತೆರೆದು ಓದಬಾರದೆಂದು ಹೆಸರು ಮತ್ತು ಊರಿನ ಅಕ್ಷರಗಳನ್ನು ಅದಲುಬದಲು ಮಾಡಿಡುತ್ತದೆ. ತಾರೀಖುಗಳನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಮೂರೂ ಕಡೆ ಹೊಸದನ್ನು ಹಾಕಿ ಬಂದೆವು. ಸರಿಯಾಗಿಯೇ ನಡೆಯಿತು. ಲಿಂಗಸುಗೂರಿನ ಬೀಗರು ಈಗ ಕೊಳ್ಳುವ ಮಾತಾಡತೊಡಗಿದ್ದರು.

ಮಳೆಗಾಲ ಕಳೆಯುವ ಹೊತ್ತಿಗೆ ಗದ್ದೆ ತುಂಬ ನೀರು, ಮನೆ ತುಂಬ ಸೊಳ್ಳೆ. ಆ ವರ್ಷ ಕಾಲುವೆಯ ಹಳ್ಳಿಗಳಲ್ಲಿ ಮಲೇರಿಯಾ ಮಲಗಿಸದ ಮನೆ ಕಡಿಮೆ. ಗೆಳತಿಗೂ ಚಳಿಜ್ವರ ಬಂತು. ಗುಳಿಗಿ ನುಂಗಿ ಎರಡು ದಿನ ಮಲಗಿ ಬರುತ್ತೇನೆಂದು ಊರಿಗೆ ಹೋದವಳು ಬರಲಿಲ್ಲ. ಜ್ವರ ತಲೆಗೇರಿದೆ, ರಾಯಚೂರಿಗೆ ಒಯ್ದಿದ್ದಾರೆ ಎಂದು ಜವಳಗೇರಾದಿಂದ ಬಂದವರೊಬ್ಬರು ಹೇಳಿದರು. ನಾನು ಟೈಪಿಂಗ್ ಶಾಲೆಗೆ ಬಾಗಿಲು ಹಾಕುತ್ತಿದ್ದಾಗಲೇ ಮಸ್ಕಿಯ ಕಾಂಪೌಂಡರ್ ಬಂದು ನಿಂತ.

"ಅಕ್ಕಾರೇ, ಮಶಿನ್ ಸತ್ತೈತಿ. ಕರೆಂಟ್ ಹೋಗಿ ಜೋರ್ ಬಂತು ನೋಡ್ರಿ, ಒಳಗಿಂದ ಕರ್ ಕರ್ ಅಂದು ಸುಮ್ಮನಾತು. ಚೀಟಿ ನಿಂತು ನಾಕ್ ದಿನ ಆತು."

ಡಿಸ್ಕ್ ಹೋಗಿರುವುದು ಖಾತ್ರಿಯಾಗಿತ್ತು. ನಾನು ಅಷ್ಟು ಹೆದರಲಿಲ್ಲ. ಅವರು ವಾರಕ್ಕೊಮ್ಮೆ ಫ್ಲಾಪಿಗೆ ನಕಲು ತೆಗೆದಿಡುತ್ತಿದ್ದರು. ಅದನ್ನು ಕಲಿಸಿದವಳು ನಾನೇ. ನಮ್ಮಲ್ಲಿದ್ದ ಒಂದು ಡಿಸ್ಕ್ ತೆಗೆದುಕೊಂಡು ಮಸ್ಕಿಗೆ ಹೋಗಿ ಕೂಡಿಸಿದೆ, ಪ್ರೋಗ್ರಾಂ ಹಾಕಿದೆ, ಫ್ಲಾಪಿಯಿಂದ ಫೈಲುಗಳನ್ನು ಇಳಿಸಿದೆ. ಪರದೆಯ ಮೇಲೆ ನಂಬರೊಂದು ಮೂಡಿ, ಕೀಲಿ ಕೊಡಿ ಎಂದು ಕೇಳಿ ನಿಂತಿತು. ಆ ಲೆಕ್ಕ ಗೊತ್ತಿದ್ದದ್ದು ಗೆಳತಿಗೊಬ್ಬಳಿಗೇ.

ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ರಾಯಚೂರಿನ ಬಸ್ ಹತ್ತಿದೆ. ಆಸ್ಪತ್ರೆಯಲ್ಲಿ ಮಂಚ ಸಾಲದೆ ನೆಲದ ಮೇಲೂ ಜನ ಮಲಗಿದ್ದರು. ಗೆಳತಿಗೆ ಮಂಚ ಸಿಕ್ಕಿತ್ತು. ಕೈಗೆ ಸಲೈನ್ ಹಚ್ಚಿದ್ದರು, ಕಿತ್ತುಕೊಳ್ಳಬಾರದೆಂದು ಆ ಕೈಯನ್ನು ಮಂಚದ ಪಟ್ಟಿಗೆ ಸೀರೆಯ ಅಂಚಿನಿಂದ ಕಟ್ಟಿದ್ದರು. ತಾಯಿ ಕೆಳಗೆ ಕೂತಿದ್ದಳು.

"ಏನ್ ಮಾತಾಡಾಕತ್ತಾಳ ತಿಳಿವಲ್ದು ಮಗಳ. ನಿನ್ನೆ ತನಕ ನನ್ನ ಗುರ್ತು ಹಿಡಿತಿದ್ಳು" ಅಂದಳು.

ನಾನು ಹತ್ತಿರ ಹೋಗಿ ಹೆಸರು ಹಿಡಿದು ಕರೆದೆ. ಗೆಳತಿ ಕಣ್ಣು ತೆರೆದಳು. ಅವು ನನ್ನ ಮೇಲೆ ನಿಲ್ಲಲಿಲ್ಲ, ಆದರೆ ಮಾತು ಬಂತು.

"ನೀರು ಬಿಟ್ಟಾರೇನು?"

ಕಾಲುವೆಯ ನೀರು. ತಾಯಿ ಕೂಲಿಗೆ ಹೋಗಬೇಕೋ ಬೇಡವೋ ಎಂಬುದು ಸಣ್ಣಂದಿನಿಂದ ಆ ಮನೆಯಲ್ಲಿ ಅದರಿಂದಲೇ ತೀರ್ಮಾನವಾಗುತ್ತಿತ್ತು.

"ಬಿಟ್ಟಾರ" ಅಂದೆ.

ಚೀಟಿ ನನ್ನ ಕೈಯಲ್ಲೇ ಇತ್ತು. ಕೇಳಿದ್ದರೆ ಒಂದು ವೇಳೆ ಹೇಳುತ್ತಿದ್ದಳೇನೋ. ಲೆಕ್ಕ ಆಕೆಯೊಳಗೆ ಮಾತಿಗಿಂತ ಆಳದಲ್ಲಿರುತ್ತಿತ್ತು. ತಾಯಿ ನನ್ನ ಕೈಯನ್ನು ನೋಡಿದಳು. "ಕೆಲಸದ ಮಾತು ಇದ್ರ ಬ್ಯಾಡವ್ವ. ತಲಿಗೆ ತ್ರಾಸು ಆಕೈತಿ" ಅಂದಳು. ನಾನು ಚೀಟಿಯನ್ನು ಚೀಲದೊಳಗೆ ಹಾಕಿ, ಬಟ್ಟೆ ತೋಯಿಸಿ ಆಕೆಯ ತುಟಿ ಒರೆಸಿದೆ. ಮಾರನೇ ದಿನ ಮಧ್ಯಾಹ್ನ ಗೆಳತಿ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ನನಗೆ ಶಾಲೆಯ ಬಾಗಿಲು ತೆಗೆಯಲು ಆಗಲಿಲ್ಲ. ಓಣಿಯವರೆಗೆ ಹೋಗಿ ವಾಪಸು ಬರುತ್ತಿದ್ದೆ. ಕಾಂಪೌಂಡರ್ ಇನ್ನೊಮ್ಮೆ ಬಂದ, ಈ ಸಲ ನಮ್ಮ ಮನೆಗೆ. ಮೊದಲು ದುಃಖದ ಮಾತಾಡಿದ. ಆಮೇಲೆ ತಲೆ ತಗ್ಗಿಸಿ, "ತಾವಾಗೇ ಬರೋರು ಬರಾಕತ್ತಾರ್ರಿ. ಬರದವ್ರು ಯಾರಂತ ಹೆಂಗ್ ಗೊತ್ತಾಗಬೇಕು? ಸಾಹೇಬ್ರು ನೆನಪಿದ್ದವ್ರಿಗೆ ಹೇಳಿ ಕಳಿಸ್ಯಾರ. ನೆನಪು ಎಷ್ಟಂತ ಇರ್ತೈತಿ" ಅಂದ.

ಜವಳಗೇರಾಕ್ಕೆ ಹೋದೆ. ಗೆಳತಿ ಬೀಗದ ಭಾಗವನ್ನು ಶಾಲೆಯ ಕಂಪ್ಯೂಟರಿನಲ್ಲಿ ಇಡುತ್ತಿರಲಿಲ್ಲ, ಒಂದು ಫ್ಲಾಪಿಯಲ್ಲಿ ಮನೆಗೆ ಒಯ್ದಿದ್ದಳು. ತಾಯಿ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಅದರಲ್ಲಿದ್ದ ಕಪ್ಪು ಚೌಕಗಳನ್ನು ಮುಟ್ಟಿ, "ಇದರಾಗ ಆಕಿ ದನಿ ಐತೇನವ್ವ?" ಎಂದು ಕೇಳಿದಳು.

ಕ್ಯಾಸೆಟ್ಟಿನಂಥದ್ದು ಅಂದುಕೊಂಡಿದ್ದಳು. "ಇಲ್ಲವ್ವ. ಆಕಿ ಮಾಡಿದ ಕೆಲಸ ಐತಿ" ಅಂದೆ.

"ಹಂಗಾರ ಒಯ್ಯಿ. ದನಿ ಇದ್ದಿದ್ರ ಕೊಡ್ತಿರಲಿಲ್ಲ ನಾನು."

ಬೀಗದ ಫ್ಲಾಪಿಯನ್ನು ನಮ್ಮ ಕಂಪ್ಯೂಟರ್ ಓದಲಿಲ್ಲ. ಗದ್ದೆ ಬದಿಯ ಮನೆಯ ತಂಪಿಗೆ ಒಳಗಿನ ತಟ್ಟೆಯ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಅದಕ್ಕೆ ಒಂದು ದಾರಿ ಇದೆ. ಹೊರಗಿನ ಲಕೋಟೆಯ ಅಂಚನ್ನು ಬ್ಲೇಡಿನಿಂದ ಸೀಳಿ, ತೆಳ್ಳಗಿನ ತಟ್ಟೆಯನ್ನು ಹೊರಗೆಳೆದು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ನೆರಳಲ್ಲಿ ಒಣಗಿಸಿ, ಇನ್ನೊಂದು ಹೊಸ ಫ್ಲಾಪಿಯ ಲಕೋಟೆಗೆ ತೂರಿಸಬೇಕು. ಎಲ್ಲ ಮಾಡಿದೆ. ಡ್ರೈವ್ ಮೊದಲ ಸುತ್ತುಗಳನ್ನು ಓದಿತು. ಫೈಲುಗಳ ಹೆಸರು ಕಾಣಿಸಿದವು. ಆಮೇಲೆ ಕೆರೆಯುವ ಸಪ್ಪಳ ಬಂತು. ತೆಗೆದು ನೋಡಿದರೆ ತಟ್ಟೆಯ ಮೇಲಿನ ಕಂದು ಲೇಪ ಎದ್ದು ಗೀರು ಬಿದ್ದಿತ್ತು. ಬೀಗದ ಫೈಲ್ ಆ ಗೀರಿನ ಕೆಳಗಿತ್ತು.

ಉಳಿದದ್ದು ಮಸ್ಕಿಯ ಫೈಲನ್ನೇ ನೇರವಾಗಿ ತೆರೆಯುವುದು. ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂತು ತೆರೆದೆ. ಹೆಸರು, ಊರು ಇರಬೇಕಾದ ಕಡೆ ಅರ್ಥವಿಲ್ಲದ ಗುರುತುಗಳು. ಪಕ್ಕದಲ್ಲಿ ತಾರೀಖುಗಳು ಮಾತ್ರ ಸಾಫಾಗಿದ್ದವು. ಡಾಕ್ಟರು ನನ್ನ ಹಿಂದೆ ನಿಂತು ಅವುಗಳ ಮೇಲೆ ಬೆರಳಾಡಿಸಿದರು.

"ಇವರು ಹೋದ ವಾರ ಬರಬೇಕಿತ್ತು. ಇವರೂ ಬರಬೇಕಿತ್ತು. ಇವರು ಯಾರು, ತಂಗಿ?"

"ಅದಾ ಗೊತ್ತಿಲ್ಲರೀ."

ಅವರು ಸಿಟ್ಟಾಗಲಿಲ್ಲ. "ನಮ್ಮ ರೋಗಿಗಳನ್ನ ನಮ್ಮಿಂದಾನ ಯಾಕ ಬಚ್ಚಿಟ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಕೂತಿದ್ದವರನ್ನು ನೋಡಲು ಹೋದರು. ಸಭೆಯಲ್ಲಿ ಬೀಗದ ಮಾತು ಕೇಳುವಾಗ ನಮ್ಮ ಕಣ್ಣ ಮುಂದಿದ್ದವರು ಕದಿಯುವವರು. ರೋಗಿಗಳ ನೆನಪು ಆ ಸಭಾಂಗಣದಲ್ಲಿ ನಮಗೆ ಬಂದೇ ಇರಲಿಲ್ಲ.

ಆ ಗುರುತುಗಳನ್ನು ನೋಡುತ್ತಾ ಕೂತೆ. ಬಹಳ ಸಾಲುಗಳಲ್ಲಿ ಊರಿನ ಕಡೆ ಒಂದೇ ಬಗೆಯ ಗುರುತುಗಳಿದ್ದವು. ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಮಸ್ಕಿಯೇ ಆಗಿರಬೇಕು. ಹೆಸರು, ಊರು ಎಲ್ಲ ಒತ್ತುತ್ತಿದ್ದದ್ದು ಇಂಗ್ಲಿಷಿನಲ್ಲಿ; ಹಾಗೆಂದು ಹಿಡಿದು ಇಂಗ್ಲಿಷಿನ ಅಕ್ಷರಗಳನ್ನು ಎಣಿಸಿದೆ. ಮೊದಲ ಅಕ್ಷರ ಇಷ್ಟು ಮನೆ ಮುಂದೆ, ಎರಡನೆಯದು ಅಷ್ಟು ಮನೆ ಮುಂದೆ ಸರಿದಿತ್ತು. ಒಂದೊಂದು ಜಾಗಕ್ಕೆ ಒಂದೊಂದು ಅಳತೆ. ಮಸ್ಕಿ ಸಣ್ಣ ಹೆಸರು. ಅದರ ನಂತರದ ಖಾಲಿ ಜಾಗದಲ್ಲೂ ಗುರುತುಗಳಿದ್ದವು. ಗೆಳತಿ ಖಾಲಿ ಜಾಗವನ್ನೂ ಬಿಡದೆ ಸರಿಸಿದ್ದಳು. ಖಾಲಿ ಎಂಬುದು ನನಗೆ ಗೊತ್ತಿರುವುದರಿಂದ ಅಲ್ಲಿಯ ಅಳತೆಗಳೂ ಸಿಕ್ಕವು. ಊರಿನ ಕಡೆಯೆಲ್ಲ ಬಿಡಿಸಿಕೊಂಡಿತು. ಸಂಜೆಯ ಹೊತ್ತಿಗೆ ಊರುಗಳು ಒಂದೊಂದಾಗಿ ಓದಲು ಬಂದವು.

ಹೆಸರುಗಳ ಅಳತೆ ಬೇರೆ ಇತ್ತು. ಹೆಸರಿನ ಬಾಲದ ಖಾಲಿ ಜಾಗ ಇಲ್ಲೂ ಸಿಕ್ಕಿತು, ಆದರೆ ಮುಂಭಾಗ ಸಿಗಲಿಲ್ಲ. ಮಸ್ಕಿಯವರೇ ಎಷ್ಟೋ ಜನ ಇರುವಾಗ ಯಾವ ಸಾಲು ಯಾರದೆಂದು ಹೇಗೆ ಹಿಡಿಯುವುದು? ಮರುದಿನ ಫೈಲಿನ ತುದಿಯಿಂದ ಮೇಲಕ್ಕೆ ಹೋಗುತ್ತಿದ್ದಾಗ ಮೊಟ್ಟಮೊದಲ ಸಾಲಿನಲ್ಲಿ ಊರು ಜವಳಗೇರಾ ಎಂದಿತ್ತು. ಜವಳಗೇರಾದಿಂದ ಯಾರೂ ಮಸ್ಕಿಗೆ ಔಷಧಕ್ಕೆ ಬರುವುದಿಲ್ಲ.

ಆಗ ನೆನಪಾಯಿತು. ಕಾಂಪೌಂಡರನಿಗೆ ಕಲಿಸುವ ದಿನ ಒಂದು ಸುಳ್ಳು ರೋಗಿಯನ್ನು ಸೇರಿಸಿ ತೋರಿಸಬೇಕಿತ್ತು. ಯಾರ ಹೆಸರು ಹಾಕಲಿ ಎಂದು ಆತ ಕೇಳಿದಾಗ ಪಕ್ಕದಲ್ಲಿದ್ದ ಗೆಳತಿ ನಗುತ್ತಾ, "ನಂದಾ ಹಾಕ್ರಿ" ಅಂದಿದ್ದಳು. ಆಕೆಯ ಹೆಸರು, ಅದರ ಮುಂದೆ ಅಡ್ಡಹೆಸರು.

ಪೆನ್ಸಿಲ್ ಹಿಡಿದು ಆ ಹೆಸರಿನ ಒಂದೊಂದು ಅಕ್ಷರದ ಕೆಳಗೆ ಪರದೆಯ ಗುರುತನ್ನು ಬರೆದುಕೊಂಡೆ. ಎರಡು ಸಲ ತಪ್ಪಿತು, ಅಳಿಸಿ ಮತ್ತೆ ಬರೆದೆ. ಅಳತೆಗಳು ಸಿಕ್ಕ ಮೇಲೆ ಎರಡನೇ ಸಾಲಿಗೆ ಹಚ್ಚಿದೆ. ಒಬ್ಬ ಮನುಷ್ಯನ ಹೆಸರು ಬಂತು. ಕಾಂಪೌಂಡರನನ್ನು ಕರೆದು ಓದಿ ಹೇಳಿದೆ. "ಹೌದ್ರಿ, ಅದಾನ್ರಿ ಅವ, ನಮ್ಮ ಹಳ್ಳದ ಕಡ್ಯಾಂವ" ಅಂದು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಗೆಳತಿ ಹೋದ ಮೇಲೆ ನಾನು ಜೋರಾಗಿ ಅತ್ತದ್ದು ಆಗಲೇ.

ಅಳತೆ ಹಚ್ಚುವ ಸಣ್ಣ ಪ್ರೋಗ್ರಾಂ ಬರೆದು ಎಲ್ಲ ಸಾಲುಗಳನ್ನೂ ಬಿಡಿಸಿ, ಬಾರದವರ ಚೀಟಿ ಮುದ್ರಿಸಿಕೊಟ್ಟೆ. ಕಂಡಕ್ಟರರ ಕೈಯಲ್ಲಿ ಸುದ್ದಿ ಹೋಯಿತು. ಸಂತೆಯ ದಿನ ಬಹಳಷ್ಟು ಮಂದಿ ಬಂದರು. ಕೆಲವರು ಮಾತ್ರೆ ಬಿಟ್ಟಿದ್ದರು, ಮತ್ತೆ ಮೊದಲಿನಿಂದ ಹಚ್ಚಬೇಕಾಯಿತು. ಕುರಿ ಕಾಯುವ ಮನೆತನದ ಒಬ್ಬ ಸೊಸೆ ಬರಲಿಲ್ಲ. ಅವರ ಕುರಿಹಟ್ಟಿ ಮೇವು ಹುಡುಕಿಕೊಂಡು ಬೇರೆ ಕಡೆ ಹೋಗಿತ್ತು. ಹುಡುಕಿ ಕರೆತರುವಷ್ಟರಲ್ಲಿ ಆಕೆ ರಕ್ತ ಕಾರುತ್ತಿದ್ದಳು. ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಆಕೆಯನ್ನು ನಾನು ಒಮ್ಮೆ ನೋಡಿದೆ. ನನಗಿಂತ ಸಣ್ಣವಳು. ಕೆಲವು ವಾರಗಳಲ್ಲಿ ಹೋಗಿಬಿಟ್ಟಳು.

"ಚೀಟಿ ಇದ್ದಿದ್ರೂ ಬಿಡ್ತಿದ್ಳೋ ಏನೋ, ಯಾರು ಹೇಳಾಕ ಬರ್ತೈತಿ" ಎಂದರು ಡಾಕ್ಟರು. ನನ್ನನ್ನು ಸಮಾಧಾನ ಮಾಡಲು ಆಡಿದ ಮಾತೋ, ನಿಜವೋ, ನನಗೆ ಈಗಲೂ ಗೊತ್ತಿಲ್ಲ.

ಡಾಕ್ಟರು ಕೇಳಿದ್ದು ತಮ್ಮ ಒಂದು ಯಂತ್ರದ ಮಾತು. ಉಳಿದ ಎರಡು ಕಡೆ ಬೀಗ ಹಾಗೇ ಇತ್ತು. ಆ ಡಿಸ್ಕುಗಳು ಓಡುವವರೆಗೆ ಯಾರಿಗೂ ಏನೂ ತಿಳಿಯುವುದಿಲ್ಲ. ಸುಮ್ಮನಿದ್ದರೆ ಹೊಸ ಗಿರಾಕಿಗಳೂ ಸಿಗಬಹುದಿತ್ತು. ಒಂದು ಮಧ್ಯಾಹ್ನ ಶಾಲೆಯ ಬಾಗಿಲು ತೆಗೆದು ಕೂತೆ. ಮುಖ್ಯ ಪ್ರೋಗ್ರಾಮಿನ ಮೂಲ ಬರಹ ನಮ್ಮ ಕಂಪ್ಯೂಟರಿನಲ್ಲೇ ಇತ್ತು; ಅದು ಎರಡೇ ಕಡೆ ಬೀಗವನ್ನು ಹೆಸರು ಹಿಡಿದು ಕರೆಯುತ್ತಿತ್ತು, ಕೀಲಿ ಕೇಳಲು ಒಮ್ಮೆ, ಅಕ್ಷರ ಅದಲುಬದಲು ಮಾಡಲು ಒಮ್ಮೆ. ಆ ಎರಡು ಹೆಸರುಗಳಲ್ಲಿ ಏನೂ ಮಾಡದ ಎರಡು ಖಾಲಿ ತುಣುಕುಗಳನ್ನು ಬರೆದು ಜೋಡಿಸಿದೆ. ಬೀಗ ಬಿಟ್ಟಿತು. ಹಳೆಯ ಫೈಲುಗಳು ಮಾತ್ರ ಅದರಿಂದ ಬಿಡಿಸಿಕೊಳ್ಳುತ್ತಿರಲಿಲ್ಲ, ಅವಕ್ಕೆ ಮಸ್ಕಿಯಲ್ಲಿ ಸಿಕ್ಕ ಅಳತೆಗಳನ್ನೇ ಹಚ್ಚಬೇಕಿತ್ತು. ಗೆಳತಿ ತಿಂಗಳುಗಟ್ಟಲೆ ಕೂತು ಕಟ್ಟಿದ್ದನ್ನು ತೆಗೆಯಲು ನನಗೆ ಒಂದು ಮಧ್ಯಾಹ್ನವೂ ಬೇಕಾಗಲಿಲ್ಲ. ಅದು ಖುಷಿಯ ಸಂಗತಿಯಾಗಿರಲಿಲ್ಲ.

ಲಿಂಗಸುಗೂರಿನ ಮೆಡಿಕಲ್ ಅಂಗಡಿಯ ಮಾಲಕರು ಹೊಸ ಫ್ಲಾಪಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಪ್ರೋಗ್ರಾಂ ನಿಂತರೆ ಏನು ಮಾಡಬೇಕು, ಫೈಲುಗಳನ್ನು ಬೇರೆಯವರ ಪ್ರೋಗ್ರಾಮಿಗೆ ಹೇಗೆ ಒಯ್ಯಬೇಕು ಎಂದು ಕನ್ನಡದಲ್ಲಿ ಟೈಪ್ ಮಾಡಿದ ಎರಡು ಹಾಳೆಗಳನ್ನೂ ಕೊಟ್ಟಿದ್ದೆ.

"ಕೀಲಿ ತೆಗೆದ್ರ ನಮ್ಮ ಬೀಗ್ರ ಅಂಗಡ್ಯಾಗೂ ಇದಾ ಬರ್ತೈತಿ, ಅವರ ಬೀಗ್ರ ಅಂಗಡ್ಯಾಗೂ ಬರ್ತೈತಿ. ಮತ್ತ ನೀವೇನ್ ಮಾರ್ತೀರಿ ಮೇಡಂ?"

"ಏನೂ ಮಾರಂಗಿಲ್ಲರೀ. ಟೈಪಿಂಗ್ ಕಲಿಸ್ತೀನಿ."

ಅವರು ಫ್ಲಾಪಿಯನ್ನೂ ಹಾಳೆಗಳನ್ನೂ ಗಲ್ಲೆಯೊಳಗೆ ಇಟ್ಟುಕೊಂಡರು. ಆಮೇಲೆ ಚಹಾ ತರಿಸಿದರು. ಅವರು ಹೇಳಿದ ಹಾಗೆಯೇ ಆಯಿತು. ವರ್ಷದೊಳಗೆ ನಾನು ಕಾಣದ ಅಂಗಡಿಗಳಲ್ಲಿ ನಮ್ಮ ಪರದೆ ಕಾಣಿಸತೊಡಗಿತು. ಕೆಲವರು ಮೇಲಿದ್ದ ನಮ್ಮ ಹೆಸರುಗಳನ್ನು ಅಳಿಸಿ ತಮ್ಮದನ್ನು ಬರೆದುಕೊಂಡಿದ್ದರು. ಹೊಸದಾಗಿ ಯಾರೂ ಕೊಳ್ಳಲು ಬರಲಿಲ್ಲ. ಹೈದರಾಬಾದಿನಲ್ಲಿ ಕೇಳಿದ ಪಾಠಗಳಲ್ಲಿ ಯಾವುದು ಸರಿ ಎಂದು ಯಾರಾದರೂ ಕೇಳಿದರೆ ಎಲ್ಲವೂ ಸರಿಯೇ ಎನ್ನುತ್ತೇನೆ. ಯಾವುದನ್ನು ಮೊದಲು ಮಾಡಬೇಕು ಎಂಬುದನ್ನು ಮಾತ್ರ ಅಲ್ಲಿ ಯಾರೂ ಹೇಳಿರಲಿಲ್ಲ.

ಮಸ್ಕಿಗೆ ಕೊನೆಯದಾಗಿ ಹೋದದ್ದು ಬೀಗವಿಲ್ಲದ ಪ್ರೋಗ್ರಾಂ ಹಾಕಲು. ಬೆಳಗಿನ ಚೀಟಿ ಮುದ್ರಿಸಿ ತೋರಿಸಿದೆ. ಕಾಂಪೌಂಡರ್ ಅದನ್ನು ನೋಡಿ ಮೆಲ್ಲಗೆ ಹೇಳಿದ:

"ಅಕ್ಕಾರೇ, ತೀರಿಕೊಂಡ್ಳಲ್ಲ, ಆ ಕುರಿಯವರ ಹೆಣ್ಮಗಳ ಹೆಸರು ಮ್ಯಾಲೇ ಬರಾಕತ್ತೈತಿ. ದಿನಾ ಬರ್ತೈತಿ. ಏನ್ ಒತ್ತಲಿ?"

ಚಿಕಿತ್ಸೆ ಮುಗಿಸಿದವರಿಗೆ ಒಂದು ಒತ್ತಬೇಕು, ನಡುವೆ ಬಿಟ್ಟವರಿಗೆ ಎರಡು. ಆ ಪರದೆಯನ್ನು ಬರೆದವಳು ನಾನು. ಮೂರನೆಯದೊಂದು ಬೇಕಾಗುತ್ತದೆ ಎಂದು ನನಗಾಗಲಿ, ಗೆಳತಿಗಾಗಲಿ ಹೊಳೆದಿರಲಿಲ್ಲ. "ಎರಡು ಒತ್ತಾಕ ಕೈ ಬರವಲ್ದ್ರಿ. ಕರ್ಕೊಂಡ್ ಬಂದ್ ಮ್ಯಾಲ ಆಕಿ ಬಿಟ್ಟಿಲ್ಲಲ್ಲ" ಅಂದ.

ಪ್ರೋಗ್ರಾಮಿನ ಮೂಲ ಬರಹದ ಫ್ಲಾಪಿ ಚೀಲದಲ್ಲೇ ಇತ್ತು. ಅಲ್ಲೇ ಕೂತು ಪರದೆಗೆ ಒಂದು ಸಾಲು ಸೇರಿಸಿ, ಅದಕ್ಕೆ ಏನೆಂದು ಹೆಸರಿಡಲಿ ಎಂದು ಡಾಕ್ಟರನ್ನು ಕೇಳಿದೆ. ಅವರು ಸ್ಟೆತಾಸ್ಕೋಪನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, "ತೀರಿಕೊಂಡರು ಅಂತ ಬರೀರಿ. ಅದನ್ನೇನು ಮುಚ್ಚೋದು" ಅಂದರು. ಬರೆದೆ. ಕಾಂಪೌಂಡರ್ ಮೂರು ಒತ್ತಿ, ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದ. ಆಮೇಲೆ ಚೀಟಿಯನ್ನು ಮತ್ತೆ ಮುದ್ರಿಸಿ, ಹರಿದುಕೊಂಡು, ಹೊರಗೆ ಹೋಗಿ ಮೊದಲ ಹೆಸರು ಕೂಗಿದ. ಕಟ್ಟೆಯ ಮೇಲಿದ್ದ ಒಬ್ಬ ಮುದುಕ ಗೋಡೆ ಹಿಡಿದು ಎದ್ದು ಒಳಗೆ ಬಂದ.